ಸುಂದ್ರವ್ವನ ಪಾಳಿ

ಮುಂಬಯಿಯ ಆಂಟಾಪ್ ಹಿಲ್‌ನ ಕಟ್ಟಡ ಕೆಲಸದ ಹೆಂಗಸರಲ್ಲಿ ಸುಂದ್ರವ್ವನ ಮಾತೆಂದರೆ ಮಾತು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಶಿಬಿರಕ್ಕೆ ಒಬ್ಬಳೂ ಬರುವುದಿಲ್ಲ ಎಂದು ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ನಕ್ಕಿದ್ದ. ಬರದೆ ಏನು! ಭಾನುವಾರ ಬೆಳಿಗ್ಗೆ ಹನ್ನೊಂದು ಜನರನ್ನು ಬೈದು, ಪುಸಲಾಯಿಸಿ, ರಟ್ಟೆ ಹಿಡಿದು ಎಳೆದು ತಂದೇಬಿಟ್ಟಳು. ತಾನು ಮಾತ್ರ ಹೊರಗಿನ ಬೆಂಚಿನ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕೂತಳು.

ಅಸಲಿಗೆ ಅವಳು ಇಷ್ಟೆಲ್ಲ ಹಾರಾಡಿದ್ದು ದೇವಕ್ಕನಿಗಾಗಿ. ಇಪ್ಪತ್ತು ವರ್ಷ ಜೊತೆಗೆ ಇಟ್ಟಿಗೆ ಹೊತ್ತ ಗೆಳತಿ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಂಡಿತ್ತು. ಅದನ್ನು ಸುಂದ್ರವ್ವನ ಕಿವಿಯಲ್ಲಿ ಮಾತ್ರ ಹೇಳಿದ್ದಳು. ಉಳಿದ ಹತ್ತು ಜನ ಒಳಗೆ ಹೋಗಿ ಬಂದರೂ ದೇವಕ್ಕ ಬೆಂಚು ಬಿಟ್ಟು ಏಳಲಿಲ್ಲ.

"ಏಳ ಬೇ, ನಿನ್ನ ಪಾಳಿ ಬಂತು."

"ನೀ ಯಾಕ ಹೋಗವಲ್ಲಿ?"

"ನನಗೇನಾಗೇತಿ? ಗಂಡ ಸತ್ತ ಹತ್ತ ವರ್ಷಾತು. ಗಂಡಿಲ್ಲದಾಕಿಗೆ ಈ ಪರೀಕ್ಷಿ ಯಾಕ? ಮಂದಿ ಏನಂದಾರು?"

"ನನ್ನ ಗಂಡರೆ ಎಲ್ಲಿ ಅದಾನ?" ಎಂದಳು ದೇವಕ್ಕ.

ಥೂ, ಇವಳಿಗೂ ನೆಪ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು ಎಂದು ಸುಂದ್ರವ್ವ ತನ್ನನ್ನೇ ಬೈದುಕೊಂಡು, ಸೆರಗು ಸಿಕ್ಕಿಸಿ ಪರದೆಯ ಒಳಗೆ ನಡೆದಳು.

ಡಾಕ್ಟರ್ ಧಾತ್ರಿ ಮೈಸೂರಿನ ಕಡೆಯವರು. ಹದಿನಾಲ್ಕಕ್ಕೆ ಮದುವೆ, ಐದು ಹೆರಿಗೆ, ಒಮ್ಮೆಯೂ ತಪಾಸಣೆ ಇಲ್ಲ ಎಂದು ಬರೆದುಕೊಂಡರು. "ಗಂಡ ಹೋದ್ರೂ ಆವಾಗ ಬಂದ, ಈ ಕ್ಯಾನ್ಸರ್ ತರೋ ವೈರಸ್ಸು ಎಷ್ಟೋ ವರ್ಷ ಒಳಗೇ ಕೂತಿರಬಹುದು ಕಣಮ್ಮ" ಎಂದರು. ಗರ್ಭಕಂಠಕ್ಕೆ ವಿನೆಗರ್ ಹಚ್ಚಿ ನೋಡಿದಾಗ ಬಿಳಿ ಕಲೆಯೊಂದು ಕಂಡಿತು. "ಇದು ಕ್ಯಾನ್ಸರ್ ಥರ ಕಾಣಲ್ಲ. ಹಾಗೇ ಬಿಟ್ರೆ ಮುಂದೆ ಆಗಬಹುದು. ಇವತ್ತೇ ಸುಟ್ಟು ತೆಗೆದುಬಿಡ್ತೀನಿ, ಹೆದರಬೇಡಿ."

ಸುಂದ್ರವ್ವ ಹೊರಗೆ ಬಂದಳು. ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಏನೂ ಇಲ್ಲ ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ಆದರೆ ಹಾಗಂದರೆ ದೇವಕ್ಕ ಹಾಗೇ ಎದ್ದು ಮನೆಗೆ ಹೋಗುತ್ತಾಳೆ, ಅದು ಸುಂದ್ರವ್ವನಿಗೆ ಗೊತ್ತು.

"ನನ್ನೊಳಗ ಬಿಳಿ ಕಲಿ ಇತ್ತು. ಸುಟ್ಟ ತಗದ್ರು" ಎಂದಳು, ರಸ್ತೆಗೂ ಕೇಳುವ ಹಾಗೆ.

"ಮೆಲ್ಲಕ ಮಾತಾಡಬೇ ಯವ್ವಾ, ಗಂಡಸರು ಅದಾರ" ಎಂದು ಜೊತೆಗೆ ಬಂದಿದ್ದ ಮಹಾದೇವಿ ಅವಳ ಸೀರೆ ಜಗ್ಗಿದಳು.

"ಇರ್ಲಿ, ಕೇಳ್ಲಿ! ಸತ್ತಾಂವ ನನ್ನ ಗಂಡ. ನಾ ಅಲ್ಲ."

ದೇವಕ್ಕ ಎದ್ದಳು. ಯಾರ ಕೈಯನ್ನೂ ಹಿಡಿಯದೆ, ಪರದೆ ಸರಿಸಿ ಒಳಗೆ ಹೋದಳು. ಡಾಕ್ಟರು ಏನಾಗಿದೆ ಎಂದು ಕೇಳಿದ್ದು, ಅವಳು ಉತ್ತರ ಕೊಟ್ಟದ್ದು ಎರಡೂ ಹೊರಗೆ ಸ್ಪಷ್ಟವಾಗಿ ಕೇಳಿಸಿದವು.

"ರಕ್ತ ಹೋಗತೈತ್ರಿ, ಆರ ತಿಂಗಳಾತು. ನಾನೂ ಗಂಡಿಲ್ಲದಾಕಿ. ಸರಿಯಾಗಿ ನೋಡ್ರಿ, ನಾ ಬದುಕಬೇಕು."

ಹೊರಗೆ ಸುಂದ್ರವ್ವ ಹೆಮ್ಮೆಯಿಂದ ಗೊಳೋ ಎಂದು ಅತ್ತುಬಿಟ್ಟಳು.