ಬುರುಡೆ ಮಾಸ್ಟರ ಗಪ್ಪಿ ಮೀನುಗಳು

ಬುರುಡೆ ಮಾಸ್ಟರ ಹಿತ್ತಲಿನ ಮೀನುಗಳು ಒಂದೇ ವಾರದಲ್ಲಿ ಊರಿನ ಸೊಳ್ಳೆಗಳನ್ನೆಲ್ಲ ತಿಂದು ಮುಗಿಸಿದವು. ಸಾಲದೆ, ಪಕ್ಕದ ಊರಿನಿಂದ ಸಾಲ ತರಿಸಿಕೊಂಡು ತಿಂದವು. ಅಳಿದುಳಿದ ಸೊಳ್ಳೆಗಳು ಗಂಟುಮೂಟೆ ಕಟ್ಟಿಕೊಂಡು, ಹೆಂಡಿರು ಮಕ್ಕಳೊಂದಿಗೆ ಸಂಜೆಯ ಬಸ್ಸು ಹತ್ತಿ ಹೋದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಕಂಡವರು ಯಾರೆಂದರೆ, ಬುರುಡೆ ಮಾಸ್ಟರೇ.

“ಹತ್ತಿದ್ದು ನನ್ನ ಬಸ್ಸೇ ಇರ್ಬೇಕು ಮಾಸ್ಟ್ರೇ,” ಎಂದ ಕಂಡಕ್ಟರು, ಗಲ್ಲದ ತುಂಬ ಸೋಪಿನ ನೊರೆ ಹೊತ್ತು ಕುರ್ಚಿಯಲ್ಲಿ ಒರಗಿದ್ದವನು. “ಒಂದಾದ್ರೂ ಟಿಕೆಟ್ ತಗೊಳ್ಲಿಲ್ಲ ನೋಡಿ.”

“ಬಾಯಿ ಮುಚ್ಕೊಂಡಿರು ಮಾರಾಯ, ಕತ್ತಿ ತುಟಿ ಹತ್ರ ಇದೆ.”

ಮಾಸ್ಟರದು ಒಂದೇ ಕುರ್ಚಿಯ ಕ್ಷೌರದಂಗಡಿ. ತಲೆಬುರುಡೆಗಳ ಮೇಲೆ ಕೈಯಾಡಿಸುವುದರಿಂದ ಆ ಹೆಸರು ಬಂತೆಂದು ಅವರ ವಾದ. ಕೈಯಾಡಿಸುವಷ್ಟು ಹೊತ್ತೂ ಬುರುಡೆ ಬಿಡುವುದರಿಂದ ಬಂತೆಂದು ಊರಿನ ವಾದ. ಎರಡೂ ಕಡೆ ಬೇಕಾದಷ್ಟು ಸಾಕ್ಷಿಗಳಿದ್ದರು.

“ಅದೇನು ಮೀನಂದ್ರಿ?”

“ಗಪ್ಪಿ. ಗಪ್ ಅಂತ ನುಂಗುತ್ತೆ, ಅದಕ್ಕೇ ಗಪ್ಪಿ. ನೋಡೋಕೆ ಉಗುರಿನಷ್ಟು. ಹೊಟ್ಟೆ ಮಾತ್ರ ಗೋದಾಮು! ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನನ್ನ ಹಿತ್ತಲ ಮೀನು ಮದ್ದು ಕಣಯ್ಯಾ.”

“ಹಂಗಾದ್ರೆ ಮಗೂನ ನಿಮ್ಮನೇಲಿ ಬಿಡೋಕೆ ಮಗಳು ಒಪ್ಕೊಂಡಿರ್ಬೇಕು?”

ಮಾಸ್ಟರು ಕತ್ತಿಯನ್ನು ಬಟ್ಟೆಗೆ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮಗಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ವಿಭಾಗದ ಮೇಲ್ವಿಚಾರಕಿ. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಕೂಸನ್ನು ಹಗಲೆಲ್ಲ ಯಾರ ಮಡಿಲಿಗೆ ಹಾಕುವುದು ಎಂಬ ಮಾತು ಎದ್ದಾಗ ಮಾಸ್ಟರು ಎರಡೂ ಕೈ ಚಾಚಿಕೊಂಡೇ ನಿಂತಿದ್ದರು. ಮಗಳು ನಿಂತದ್ದು ಹಿತ್ತಲಿನ ಕೊಳದ ಮುಂದೆ. ಮಾಸ್ಟರ ಹೆಂಡತಿ ನೈದಿಲೆ ಬೆಳೆಸುವ, ಮೊಣಕಾಲಾಳದ ಸಿಮೆಂಟು ಕೊಳ ಅದು. ಹಿಂದಿನ ವರ್ಷ ಇದೇ ಮನೆಗೆ ಬಂದು ನಾಲ್ಕು ದಿನ ಇದ್ದು ಹೋದ ಮಗಳು ಡೆಂಗಿ ಜ್ವರದಲ್ಲಿ ಆಸ್ಪತ್ರೆ ಸೇರಿ, ಬದುಕಿದೆಯಾ ಬಡಜೀವವೇ ಎಂಬಂತೆ ಎದ್ದು ಬಂದಿದ್ದಳು.

“ಈ ಕೊಳ ಮುಚ್ಚು, ಇಲ್ಲಾ ಇದ್ರಲ್ಲಿ ಸೊಳ್ಳೆ ಹುಟ್ಟಲ್ಲ ಅಂತ ತೋರ್ಸು,” ಎಂದಿದ್ದಳು. “ಅಲ್ಲೀವರೆಗೂ ಮಗು ಈ ಹೊಸ್ತಿಲು ದಾಟಲ್ಲ, ಅಪ್ಪ.”

ಹೆಂಡತಿ ಅಂದೇ ಸೊಂಟಕ್ಕೆ ಸೆರಗು ಸಿಕ್ಕಿಸಿದ್ದಳು. “ಮಣ್ಣು ತುಂಬಿಸ್ರೀ. ಹೂವು ಕುಂಡದಲ್ಲೂ ಬರುತ್ತೆ.”

ಆದರೆ ಮಣ್ಣು ತುಂಬಿಸುವುದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ? ಯಾವ ಗಿರಾಕಿ ಕಿವಿ ನಿಮಿರಿಸಿ ಕೇಳುತ್ತಾನೆ? ಮೀನೆಂದರೆ ಕತೆ. ಮಾಸ್ಟರು ಆರೋಗ್ಯ ಕೇಂದ್ರಕ್ಕೆ ಹೋಗಿ, ಪುಕ್ಕಟೆ ಕೊಡುವ ಗಪ್ಪಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿಕೊಂಡು, ಹುಲಿ ಹಿಡಿದು ತಂದವರ ಗತ್ತಿನಲ್ಲಿ ಬೀದಿಯುದ್ದಕ್ಕೂ ನಡೆದು ಬಂದರು. ಕೊಡುವಾಗ ಅಲ್ಲಿನ ನರ್ಸಮ್ಮ ಒಂದೇ ಮಾತು ಹೇಳಿದ್ದಳು: “ಅವಕ್ಕೆ ಏನೂ ಹಾಕ್ಬೇಡಿ. ಹಸಿದ್ರೇನೇ ಕೆಲ್ಸ ಮಾಡೋದು.”

ಮಾಸ್ಟರು ತಲೆಯಾಡಿಸಿದ್ದರು. ತಲೆಯಾಡಿಸುವುದು ಅವರ ಕಸುಬಿನ ಅರ್ಧ.

ಮರುದಿನ ಬೆಳಗ್ಗೆ ಚಹಾದ ಲೋಟ ಹಿಡಿದು ಕೊಳದ ಕಟ್ಟೆಯ ಮೇಲೆ ಕೂತರು. ಗಪ್ಪಿಗಳು ಒಂದೊಂದಾಗಿ ಮೇಲೆ ಬಂದವು. ನೀರಿನ ಮೇಲ್ಪದರಕ್ಕೆ ಪುಟ್ಟ ಬಾಯಿ ಹಚ್ಚಿ, ತೆರೆದು, ಮುಚ್ಚಿ, ತೆರೆದವು. ಅದಷ್ಟೇ. ಮೀನು ಉಸಿರಾಡುವುದೇ ಹಾಗಿರಬಹುದು. ಆದರೆ ಮಾಸ್ಟರ ಜೀವಮಾನವೆಲ್ಲ ಕುರ್ಚಿಯಲ್ಲಿ ಕೂತವರ ಮುಖವನ್ನು ಅಂಗೈಯಲ್ಲಿ ಹಿಡಿದು ಓದುವುದರಲ್ಲೇ ಕಳೆದಿತ್ತು. ತೆರೆದ ಬಾಯಿಯೊಂದು ಏನನ್ನೂ ಕೇಳುತ್ತಿಲ್ಲವೆಂದು ನಂಬಲು ಅವರಿಂದಾಗಲಿಲ್ಲ. ಕೈಯಲ್ಲಿದ್ದ ಬಿಸ್ಕತ್ತಿನ ಒಂದು ಚೂರು ಉದುರಿತು. ತಾನಾಗಿ ಉದುರಿತೆಂದೇ ಅವರು ಅಂದುಕೊಂಡರು. ಎರಡನೆಯ ದಿನ ಬೇಯಿಸಿದ ಮೊಟ್ಟೆಯ ಹಳದಿ ಕೂಡ ತಾನಾಗಿಯೇ ಪುಡಿಪುಡಿಯಾಗಿ ಉದುರಿತು. ಆಮೇಲೆ ಪ್ರತಿದಿನ ಉದುರಿತು. ಮೀನುಗಳು ದುಂಡಗಾದವು, ಬಾಲಕ್ಕೆ ಬಣ್ಣ ಬಂತು. ಮಾಸ್ಟರ ಸದ್ದು ಕೇಳಿದರೆ ಕಟ್ಟೆಯ ಅದೇ ಮೂಲೆಗೆ ಧಾವಿಸಿ ಬರತೊಡಗಿದವು. ಅಂಗಡಿಯ ಕತೆಗಳಲ್ಲಿ ಅವು ಅಷ್ಟಷ್ಟೇ ಭಯಂಕರವಾಗುತ್ತ ಹೋದವು. ಒಂದು ಗಪ್ಪಿಯಂತೂ ಹಾರುವ ಸೊಳ್ಳೆಯನ್ನೇ ನೆಗೆದು ಹಿಡಿದು, ರೆಕ್ಕೆ ಬಿಡಿಸಿ, ದೇಹ ಮಾತ್ರ ನುಂಗಿತ್ತು.

ಇನ್ನು ಬುರುಡೆ ಬಿಡದೆ ಹೇಳುವುದಾದರೆ, ಮಗಳು ಬರುವ ದಿನ ಬೆಳಗ್ಗೆ ಮಾಸ್ಟರು ಕೊಳಕ್ಕೆ ಬಗ್ಗಿ ನೋಡಿದಾಗ ನೈದಿಲೆ ಎಲೆಗಳ ನಡುವೆ ಸೊಳ್ಳೆಮರಿಗಳು ತಲೆಕೆಳಗಾಗಿ ನೇತುಬಿದ್ದು, ಬಾಲ ಕುಣಿಸುತ್ತಿದ್ದವು. ಗಪ್ಪಿಗಳು ಅವುಗಳ ಪಕ್ಕದಲ್ಲೇ ನೆರೆಹೊರೆಯವರಂತೆ ಓಡಾಡಿಕೊಂಡಿದ್ದವು.

ಮಾಸ್ಟರು ದಡಬಡಿಸಿ ಎದ್ದರು. ಅಡುಗೆಮನೆಗೆ ಹೋಗಿ ಚಹಾ ಸೋಸುವ ಜಾಲರಿ ತಂದರು. ಗಿರಾಕಿಯ ಕೆನ್ನೆಯಿಂದ ನೊರೆ ತೆಗೆಯುವ ನಾಜೂಕಿನಲ್ಲಿ, ಎಲೆ ಎಲೆಯ ಅಂಚಿಗೂ ಜಾಲರಿ ಆಡಿಸಿ ಸೋಸಿದರು. ಬೆನ್ನು ನೆಟ್ಟಗಾಗುವ ಹೊತ್ತಿಗೆ ನೀರು ಕನ್ನಡಿಯಾಗಿತ್ತು. ಜಾಲರಿ ತೊಳೆದು ಮೊಳೆಗೆ ತಗಲಿಸಿ, ಏನೂ ಆಗದವರಂತೆ ಮೀಸೆ ತಿದ್ದಿಕೊಂಡರು.

ಮಗಳು ಬಂದಳು. ಹೆಗಲ ಮೇಲೆ ಕೂಸು, ಕೈಯಲ್ಲಿ ಒಂದು ಬಾಟಲಿ. ಮೊದಲು ನೇರ ಹಿತ್ತಲಿಗೇ ನಡೆದಳು. ಬಿಳಿಯ ಬಟ್ಟಲಿನಲ್ಲಿ ನೀರು ಮೊಗೆದು ಬೆಳಕಿಗೆ ಹಿಡಿದಳು. ಮತ್ತೊಂದು ಕಡೆ ಮೊಗೆದಳು. ಒಂದೂ ಇಲ್ಲ. ಅವಳ ಮುಖದ ಬಿಗಿ ಸಡಿಲವಾಗುವುದನ್ನು ಮಾಸ್ಟರು ನೋಡಿದರು. ಎಷ್ಟು ದಿನದಿಂದ ಆ ಮುಖ ಹಾಗೆ ಬಿಗಿದುಕೊಂಡಿತ್ತೋ!

“ಹಿಡ್ಕೋ,” ಎಂದು ಕೂಸನ್ನು ಅಪ್ಪನ ತೋಳಿಗೆ ಕೊಟ್ಟಳು.

ಕೂಸು ನಿದ್ದೆಯಲ್ಲೇ ಒಮ್ಮೆ ಮುಲುಗಿ, ಮಾಸ್ಟರ ಅಂಗಿಯ ಗುಂಡಿಗೆ ಕೆನ್ನೆ ಒತ್ತಿತು.

“ಹೇಳಿರ್ಲಿಲ್ವಾ ಮಗಳೇ,” ಎಂದರು ಮಾಸ್ಟರು, ಪಿಸುಮಾತಿನಲ್ಲೇ ಆದರೂ ಎದೆಯುಬ್ಬಿಸಿ. “ರಾಕ್ಷಸರು ಇವು. ಬೆರಳಿಟ್ರೆ ಬೆರಳಿರಲ್ಲ.”

“ಅದನ್ನೂ ನೋಡೇ ಬಿಡೋಣ.” ಮಗಳು ಬಾಟಲಿಯ ಮುಚ್ಚಳ ತೆಗೆದಳು. “ನಮ್ಮನೆ ಎದುರು ಹಳೇ ಟೈರಲ್ಲಿ ನಿಂತಿದ್ದ ನೀರು. ಒಳಗೆಲ್ಲ ಸೊಳ್ಳೆಮರಿ. ನಿನ್ನ ರಾಕ್ಷಸರಿಗೆ ನನ್ನ ಕಡೆಯಿಂದ ಉಡುಗೊರೆ.”

ಬುರುಡೆಯ ಮಗಳಲ್ಲವೇ, ಬುರುಡೆಯ ಒಳಗೂ ಏನೋ ಇತ್ತು. ಒಂದು ಮೂಲೆಯಲ್ಲಿ ನಿಧಾನಕ್ಕೆ ಸುರಿದಳು. ಮರಿಗಳು ಕೊಂಕುತ್ತ, ಬಳುಕುತ್ತ ಹರಡಿಕೊಂಡವು. ಒಂದು ದುಂಡು ಗಪ್ಪಿ ಬಂದು, ಮೂಸಿ, ತಿರುಗಿತು. ಮತ್ತೊಂದು ಮೂಸುವ ಗೋಜಿಗೂ ಹೋಗಲಿಲ್ಲ. ಉಳಿದವೆಲ್ಲ ಮಾಸ್ಟರು ನಿಂತಿದ್ದ ಕಡೆಗೆ ಸೇರಿ, ಅವರನ್ನೇ ನೋಡುತ್ತ ಬಾಯಿ ತೆರೆದವು.

“ಹೊಟ್ಟೆ ತುಂಬಿದೆ ಅನ್ಸುತ್ತೆ,” ಎಂದರು ಮಾಸ್ಟರು. “ಈಗಷ್ಟೇ ಉಂಡವು.”

“ಏನು ಉಂಡವು?”

“ಸೊಳ್ಳೆಮರೀನೇ! ಅದಕ್ಕೇ ಅಲ್ವಾ ಒಂದೂ ಇಲ್ದಿರೋದು?”

“ಅಷ್ಟು ತಿನ್ನೋವು ಇವನ್ನ ಯಾಕೆ ಬಿಟ್ವು?” ಮಗಳು ನಗುತ್ತಲೇ ಕೇಳಿದಳು. ಜಗಳದ ದನಿಯಲ್ಲ. ನಂಬಲು ಮನಸ್ಸು ಮಾಡಿ ಬಂದವಳ ದನಿ. “ಹೋಗ್ಲಿ ಬಿಡು, ನೀರಂತೂ ಚೊಕ್ಕಟ ಇತ್ತು. ಇವನ್ನ ಆಮೇಲೆ ತಿಂತಾವೇನೋ. ನಾನು ನಿನ್ನ ಮೇಲೆ ಎಲ್ಲಾದಕ್ಕೂ ಅನುಮಾನ ಪಡ್ತೀನಿ ಅಂತ ಅಮ್ಮ ಬೈತಾಳೆ. ನಾಳೆಯಿಂದ ಇವಳನ್ನ ಇಲ್ಲೇ ಬಿಟ್ಟು ಹೋಗ್ಲಾ, ಅಪ್ಪ?”

ಬೇಕಾದದ್ದು ಇದೇ ಮಾತು. ಇದಕ್ಕಾಗಿ ಮಾಸ್ಟರು ಎಷ್ಟು ಸೊಳ್ಳೆಗಳನ್ನು ಬಸ್ಸು ಹತ್ತಿಸಿರಲಿಲ್ಲ! ಬಾಯಿಯಲ್ಲಿ ಸುಳ್ಳುಗಳು ಭಾನುವಾರದ ಗಿರಾಕಿಗಳ ಹಾಗೆ ಸಾಲುಗಟ್ಟಿ ಕೂತಿದ್ದವು, ನಾನು ಮೊದಲು, ನಾನು ಮೊದಲು ಎಂದು. ಅಷ್ಟರಲ್ಲಿ ಕೂಸಿನ ಪುಟ್ಟ ಪಾದ ಹೊದಿಕೆಯಿಂದ ಹೊರಬಂತು. ಬರಿಯ ಪಾದ. ಅದರ ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ನೀಲಿ ನರ ಕಾಣುತ್ತಿತ್ತು. ಇಷ್ಟು ಕಾಲ ಕೆನ್ನೆಗಳ ಮೇಲೆ ಕತ್ತಿ ಎಳೆದ ಕೈಗೆ ತೆಳು ಚರ್ಮವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸುಳ್ಳಿಗೆ ಹೊಟ್ಟೆ ತುಂಬಿಸುತ್ತ ಹೋದರೆ ಅದೂ ದುಂಡಗಾಗುತ್ತದೆ, ಬಣ್ಣ ಬರುತ್ತದೆ. ಕೆಲಸಕ್ಕೆ ಮಾತ್ರ ಬರುವುದಿಲ್ಲ.

“ಬೇಡಮ್ಮ,” ಎಂದರು ಮಾಸ್ಟರು.

“ಏನ್ ಬೇಡ?”

“ಮಗೂನ ಇಲ್ಲಿ ಬಿಡ್ಬೇಡ. ಈಗ್ಲೇ ಬೇಡ.”

ಮಗಳ ನಗು ಅರ್ಧಕ್ಕೇ ನಿಂತಿತು. ಒಳಗಿನಿಂದ ಹೆಂಡತಿಯೂ ಹಿತ್ತಲ ಬಾಗಿಲಿಗೆ ಬಂದು ನಿಂತಳು.

“ಅವು ಒಂದು ಸೊಳ್ಳೆಮರೀನೂ ತಿಂದಿಲ್ಲ ಮಗಳೇ. ನಾನು ಬಿಸ್ಕತ್ ಹಾಕ್ದೆ. ಮೊಟ್ಟೆ ಹಾಕ್ದೆ. ಏನೂ ಹಾಕ್ಬೇಡಿ ಅಂತ ನರ್ಸಮ್ಮ ಹೇಳಿದ್ಲು, ಆದ್ರೂ ದಿನಾ ಹಾಕ್ದೆ. ಬಾಯಿ ತೆಗೀತವೆ ಕಣೇ, ಸುಮ್ನೆ ನೋಡ್ತಾ ಕೂರೋಕಾಗ್ಲಿಲ್ಲ.”

“ಮತ್ತೆ ನೀರು ಚೊಕ್ಕಟ ಇತ್ತಲ್ಲ?”

ಇದು ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಮಾಸ್ಟರು ಕೂಸಿನ ಪಾದವನ್ನು ಹೊದಿಕೆಯೊಳಗೆ ಸೇರಿಸಿದರು.

“ಬೆಳಗ್ಗೆ ನಾನೇ ಸೋಸ್ದೆ. ಚಹಾ ಜಾಲರೀಲಿ.”

“ಅಯ್ಯೋ ನಿಮ್ಮ!” ಎಂದು ಹೆಂಡತಿ ಬಾಗಿಲಲ್ಲೇ ಬಾಯಿ ಮುಚ್ಚಿಕೊಂಡಳು. “ಅದ್ರಲ್ಲೇ ಅಲ್ವೇನ್ರೀ ನಾನೀಗ ಚಹಾ ಸೋಸಿದ್ದು!”

ಮಗಳು ನಗಲಿಲ್ಲ. ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿದಳು, ಅಲ್ಲಿ ಇನ್ನೂ ಒಂದು ಸುಳ್ಳು ಉಳಿದಿದೆಯೇ ಎಂದು ಹುಡುಕುವವಳಂತೆ. ಆಮೇಲೆ ಕೂಸಿಗಾಗಿ ಕೈ ಚಾಚಿದಳು.

“ಇನ್ನೇನಾದ್ರೂ ಇದ್ಯಾ, ಅಪ್ಪ?”

“ಇದೆ,” ಎಂದರು ಮಾಸ್ಟರು, ಕೂಸನ್ನು ಮೆಲ್ಲಗೆ ಅವಳ ಕೈಗೆ ದಾಟಿಸುತ್ತ. “ಇವಳನ್ನ ಕೊಡೋಕೆ ಮನಸ್ಸೇ ಇಲ್ಲ.”