ಗಿಣಿ ಹಾಡಿದ ಸರಳೆ

ಅಣ್ಣನ ಮಗಳ ಹಾಡು ಎಲ್ಲಾದರೂ ಕೇಳಿಸಿದರೆ ಪಾಠದತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಮುಚ್ಚಬೇಕಾದ್ದು ಕಿವಿ ಅಲ್ವಾ?" ಅಂತ ಯಾರಾದರೂ ಕೇಳಿದರೆ, "ಕಿವಿಗೆ ಹೋಗೋಕೆ ಅದು ಸಂಗೀತ ಆಗಿರಬೇಕು. ಇದು ಬರೀ ವಾಸನೆ" ಅನ್ನುತ್ತಿದ್ದಳು.

ಬೀದಿಗೆಲ್ಲ ಅವಳು ಪಾಠದತ್ತೆಯೇ. ಹೊಲಿಗೆ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಚಾಪೆ, ಶ್ರುತಿಪೆಟ್ಟಿಗೆ, ಕೆಳಗಿನಿಂದ ಬರುವ ಯಂತ್ರಗಳ ಕಟಕಟ. "ಆ ಮಿಷನ್ನಿಗಿರೋ ಲಯ ನಿಮಗಿಲ್ಲ" ಎನ್ನುವುದು ಶಿಷ್ಯರಿಗೆ ಅವಳು ಕೊಡುತ್ತಿದ್ದ ಬೈಗುಳಗಳಲ್ಲಿ ಅತಿ ಮೆತ್ತಗಿನದು.

ಹುಡುಗಿ ಬೆಳೆದದ್ದು ಆ ಚಾಪೆಯ ಮೇಲೇ. ಒಮ್ಮೆ ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದಳೆಂದು ಗಿಣಿ ಅಂತ ಕರೆದವಳೂ ಅತ್ತೆಯೇ. ಶಿಷ್ಯರಲ್ಲಿ ಉಳಿದವರೆಲ್ಲ ಸ್ವರದ ಹಿಂದೆ ಓಡಿದರೆ ಸ್ವರವೇ ಇವಳ ಹಿಂದೆ ಬರುತ್ತಿತ್ತು. ಅತ್ತೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೊಗಳಿದರೆ ಮಕ್ಕಳು ಕೆಡುತ್ತಾರೆಂದು ನಂಬಿದ್ದಳು. ಹೊಗಳದೆಯೂ ಕೆಟ್ಟಳು.

ಮೊದಲು ಗೆಳತಿಯ ಮದುವೆಯಲ್ಲಿ ಗಿಟಾರಿನವನ ಜೊತೆ ಹಾಡಿದಳು. ಆಮೇಲೆ ಸೋಪಿನ ಜಾಹೀರಾತಿಗೆ ಆಲಾಪನೆ. ಆಮೇಲೆ ಕಲ್ಯಾಣಿ ರಾಗದ ಕುತ್ತಿಗೆ ಹಿಸುಕಿ, ಡ್ರಮ್ಮಿಗೆ ಕಟ್ಟಿ, ನಡುನಡುವೆ "ಓ ಬೇಬಿ" ಸೇರಿಸಿದ ಹಾಡೊಂದು ಬಂದು ಲೋಕವೆಲ್ಲ ಕುಣಿಯಿತು. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ 'ಗಿಣಿ' ಎಂದಿತ್ತು. ಹೆಸರಿಟ್ಟವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಗಿಣಿಯ ತಾಯಿ, ಅಂದರೆ ಅತ್ತೆಯ ಅತ್ತಿಗೆ, ಮಗಳ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುತ್ತಿದ್ದಳು. ಟೀವಿಯಲ್ಲಿ ಕೂತು, "ನನ್ನ ಮಗಳು ಪರಂಪರೆಗೂ ಆಧುನಿಕತೆಗೂ ಸೇತುವೆ" ಎಂದಳು.

"ಸೇತುವೆಗೆ ಎರಡು ಕಡೆ ದಡ ಬೇಕು. ಒಂದು ಕಡೆಯೂ ನೆಲ ಇಲ್ಲದೆ ತೇಲೋದಕ್ಕೆ ಹಲಗೆ ಅಂತಾರೆ" ಎಂದು ಅತ್ತೆ ಟೀವಿ ಆರಿಸಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಗಿಣಿ ಮೆಟ್ಟಿಲು ಹತ್ತಿ ಬಂದಳು. ಕಪ್ಪು ಕನ್ನಡಕ, ಕುತ್ತಿಗೆಗೆ ಸುತ್ತಿದ ಬಟ್ಟೆ. ಬಾಯಿ ತೆರೆದರೆ ಒಣ ಎಲೆ ತುಳಿದ ಹಾಗೆ ಸದ್ದು.

"ಅತ್ತೆ, ಗಂಟಲಲ್ಲಿ ಗಂಟಾಗಿದೆ. ಕಿರುಚಿ ಕಿರುಚಿ ಹೀಗಾಗಿದೆ ಅಂದ್ರು ಡಾಕ್ಟ್ರು. ಇಷ್ಟು ದಿನ ಮಾತೇ ಆಡಬೇಡ ಅಂದಿದ್ರು. ಈಗ ಮೊದಲಿಂದ, ಮೆಲ್ಲಗೆ, ಶುರು ಮಾಡು ಅಂತಾರೆ."

"ಡಾಕ್ಟ್ರಿಗೆ ಸಂಗೀತ ಗೊತ್ತು ಅಂತಾಯ್ತು. ಸ್ಟೇಜಿನ ಮೇಲೆ ಹೇಗೆ ಹಾಡ್ತಿದ್ದೆ?"

"ರೆಕಾರ್ಡ್ ಹಾಕೋರು. ನಾನು ಬಾಯಿ ಆಡಿಸ್ತಿದ್ದೆ."

"ಜನಕ್ಕೆ ಗೊತ್ತಾಗಲಿಲ್ವಾ?"

"ಇಲ್ಲ."

ಅತ್ತೆ ನಕ್ಕಳು. ಆ ಜನರ ಮೇಲೆ ಅವಳಿಗಿದ್ದ ತಿರಸ್ಕಾರಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

"ಸಂಜೆ ಹೊಸಬರ ಪಾಠ ಇದೆ. ಬಂದು ಕೂತ್ಕೋ" ಎಂದಳು. ಬೇಕೆಂದೇ ಹಾಗಂದಳು. ಹೊಸಬರೆಂದರೆ ಮುಂದಿನ ಹಲ್ಲು ಬಿದ್ದ ಮೂರು ನಾಲ್ಕು ಮಕ್ಕಳು, ಮತ್ತೆ ನಿವೃತ್ತ ಹಲ್ಲಿನ ಡಾಕ್ಟರೊಬ್ಬರು. ಅವರ ದನಿ ಅವರು ಜೀವಮಾನವೆಲ್ಲ ಹಿಡಿದ ಯಂತ್ರದಂತೆಯೇ ಕೊರೆಯುತ್ತಿತ್ತು. ಆ ಸಾಲಿನಲ್ಲಿ ಕೂರಿಸಿದರೆ ಇವಳು ಮುಖ ಕಿವುಚಿ ಎದ್ದು ಹೋಗುತ್ತಾಳೆ, ಅಲ್ಲಿಗೆ ಪೀಡೆ ಕಳೆಯಿತು ಎಂದು ಅತ್ತೆಯ ಲೆಕ್ಕ.

ಗಿಣಿ ಬಂದಳು. ಕನ್ನಡಕ ತೆಗೆದಿಟ್ಟು, ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿ, ಹಲ್ಲಿನ ಡಾಕ್ಟರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಸರಳೆ ವರಸೆಯನ್ನು ಮೊದಲಿಂದ ಹೇಳಿದಳು. ಸ ರಿ ಗ ಮ, ಮೆಲ್ಲಗೆ, ಕೆಳಗಿನ ಶ್ರುತಿಯಲ್ಲಿ. ದನಿ ಒಡೆದಾಗ ಮಕ್ಕಳು ಕಿಸಕ್ಕೆಂದವು. ತಾಳ ತಪ್ಪಿದಾಗ ಡಾಕ್ಟರು ತೊಡೆ ತಟ್ಟಿ ತೋರಿಸಿ, "ಹೀಗಮ್ಮ, ಗಾಬರಿಯಾಗಬೇಡಿ" ಎಂದರು. ಗಿಣಿ ತಲೆಯಾಡಿಸಿದಳು. ಮರುದಿನವೂ ಬಂದಳು. ಅದರ ಮರುದಿನವೂ.

ಅತ್ತೆಗೆ ಬೈಯಲು ವಿಷಯ ಕಡಿಮೆಯಾಗುತ್ತ ಬಂತು. ವಾರಗಳು ತಿಂಗಳುಗಳಾದವು. ದನಿಯ ಮೇಲಿನ ತುಕ್ಕು ಉದುರಿತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಗಿಣಿ ತನ್ನಷ್ಟಕ್ಕೆ ತೋಡಿ ರಾಗ ಎತ್ತಿಕೊಂಡಳು. ಅವಸರವಿಲ್ಲ, ಥಳಕಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತೆ ನಲ್ಲಿ ನಿಲ್ಲಿಸಿದಳು. ಕೈಯ ನೊರೆ ಒಣಗುವವರೆಗೂ ಹಾಗೇ ನಿಂತಳು. ತನಗೆ ಎಂದೂ ಒಲಿಯದ ಒಂದು ತಿರುವಿನಲ್ಲಿ ಹುಡುಗಿ ಸಲೀಸಾಗಿ ಹೋಗಿ ಬಂದಳು. ಪ್ರತಿಭೆ ಇಲ್ಲದವಳು ಹಾಳಾದರೆ ಕರುಣೆ ಬರುತ್ತಿತ್ತು, ಇವಳ ಮೇಲೆ ಇಷ್ಟು ಸಿಟ್ಟು ಯಾಕೆ ಬಂದಿತ್ತೆಂದು ಅತ್ತೆಗೆ ಆಗ ತಿಳಿಯಿತು.

"ಒಂದು ಪೂರ್ತಿ ಕಛೇರಿ ಮಾಡ್ತೀಯಾ? ಸಣ್ಣ ಹಾಲ್ ಸಾಕು" ಎಂದಳು ಹೊರಗೆ ಬಂದು. ಅವಳ ದನಿಯಲ್ಲಿ ಬೇಡಿಕೆ ಇತ್ತು. ಅದು ಅವಳಿಗೇ ಅಸಹ್ಯವೆನಿಸಿತು.

"ನೋಡೋಣ ಅತ್ತೆ" ಎಂದಳು ಗಿಣಿ. ಮರುವಾರದಿಂದ ಪಾಠಕ್ಕೆ ಬರಲಿಲ್ಲ. ಟೂರ್ ಇದೆ ಎಂದು ಅತ್ತಿಗೆ ಫೋನ್ ಮಾಡಿದಳು. ಅತ್ತೆ ಆಗಲೇ ಕಛೇರಿಗೆಂದು ಪಿಟೀಲಿನವರೊಬ್ಬರನ್ನು ಮಾತಾಡಿಸಿ ಬಂದಿದ್ದಳು. ಈಗ ಹೋಗಿ ಬೇಡ ಅನ್ನಬೇಕಾಯಿತು.

ಹೊಸ ಹಾಡು ಬಂದದ್ದನ್ನು ಹೇಳಿದವರು ಹಲ್ಲಿನ ಡಾಕ್ಟರು. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ಮೊಬೈಲ್ ಹಿಡಿದರು. "ಕೇಳಿ, ಕೇಳಿ, ನಾನಿದ್ದೀನಿ!"

ಸರಳೆ ವರಸೆ. ಆದರೆ ಕೆಳಗೆ ಢಮಾರ್ ಢಮಾರ್ ಎಂಬ ಡ್ರಮ್ಮು. ಹಲ್ಲಿಲ್ಲದ ಮಕ್ಕಳ "ಥ ರಿ ಗ ಮ", ಹೊಲಿಗೆ ಯಂತ್ರದ ಕಟಕಟ, ಡಾಕ್ಟರ ಕೊರೆಯುವ ದನಿ. ನಡುವೆ ಸಾಕ್ಷಾತ್ ಪಾಠದತ್ತೆಯ ಗುಡುಗು: "ಬಾಯಲ್ಲಿ ಏನಿಟ್ಕೊಂಡಿದೀಯ!" ಅದನ್ನು ಕತ್ತರಿಸಿ ತಾಳಕ್ಕೆ ಕೂರಿಸಿ ಮತ್ತೆ ಮತ್ತೆ ಬರುವಂತೆ ಮಾಡಿದ್ದರು. ಇದೆಲ್ಲದರ ಮೇಲೆ ಗಿಣಿಯ ದನಿ, ರಿಪೇರಿಯಾಗಿ ಬಂದ ಹೊಸ ದನಿ, ಜಾರುಬಂಡೆಯ ಮೇಲೆ ಮಗು ಜಾರಿದಂತೆ ಜಾರುತ್ತಿತ್ತು.

ಅಷ್ಟು ದಿನ ಅವಳ ಫೋನು ಚಾಪೆಯ ಮೇಲೆ ಯಾಕೆ ಬೋರಲು ಬಿದ್ದಿರುತ್ತಿತ್ತೆಂದು ಅತ್ತೆಗೆ ಈಗ ಹೊಳೆಯಿತು.

"ಚೆನ್ನಾಗಿದೆ ಅಲ್ವಾ?" ಎಂದರು ಡಾಕ್ಟರು.

"ನಿಮ್ಮ ಶ್ರುತಿ ತಪ್ಪಿದೆ" ಎಂದಳು ಅತ್ತೆ.

"ಲಕ್ಷಾಂತರ ಜನ ಕೇಳಿದಾರಂತೆ!"

"ಲಕ್ಷಾಂತರ ಜನಕ್ಕೂ ತಪ್ಪಿದ್ದೇ ಕೇಳಿಸಿದೆ."

ಆಮೇಲೆ ಬೀದಿಯಲ್ಲಿ ತಲೆಯೆತ್ತುವಂತಿಲ್ಲ. ತರಕಾರಿ ಅಂಗಡಿಯವನು "ಬಾಯಲ್ಲಿ ಏನಿಟ್ಕೊಂಡಿದೀಯ" ಎಂದು ಹಾಡಿ ಚಿಲ್ಲರೆ ಕೊಟ್ಟ. ಪಾಠಕ್ಕೆ ಸೇರಿಸಲು ತಂದೆತಾಯಿಯರು ಮೆಟ್ಟಿಲ ಮೇಲೆ ಸಾಲುಗಟ್ಟಿದರು. ಹಿಂದೆ ಇದೇ ಜನ, "ಶಾಸ್ತ್ರೀಯ ಎಲ್ಲ ಈಗ ಯಾರಿಗೆ ಬೇಕು ಬಿಡಿ" ಎಂದು ಮಕ್ಕಳನ್ನು ಈಜಿಗೆ ಕಳಿಸಿದವರು. ಒಬ್ಬ ತಂದೆಯಂತೂ, "ಆ ಹಾಡು ಎಷ್ಟು ದಿನದಲ್ಲಿ ಬರುತ್ತೆ?" ಎಂದು ಕೇಳಿದ. "ನಿಮ್ಮ ಮಗುವಿಗೆ ಆರು ತಿಂಗಳಲ್ಲಿ 'ಸ' ಬರಬಹುದು. ನಿಮಗೆ ಬುದ್ಧಿ ಬರೋದು ಕಷ್ಟ" ಎಂದಳು ಅತ್ತೆ. ಆತ ಪುಳಕಿತನಾದ. ಹಾಡಿನಲ್ಲಿರುವ ಅತ್ತೆ ಇವರೇ ಹೌದೆಂದು ಅವನಿಗೆ ಖಾತ್ರಿಯಾಯಿತು.

ಸಂಜೆಯ ಪಾಠ ಮುಗಿದ ಮೇಲೆ ಅತ್ತೆ ಗಿಣಿಗೆ ಫೋನ್ ಮಾಡಿದಳು.

"ಕೇಳಿದ್ರಾ ಅತ್ತೆ?" ಗಿಣಿಯ ದನಿಯಲ್ಲಿ ಕುಣಿತ.

"ಕಳ್ಳಿ! ನನ್ನ ಮನೆಯಲ್ಲಿ ಕೂತು, ನನ್ನ ಮಕ್ಕಳ ದನಿ ಕದ್ದೆಯಲ್ಲ."

"ಕದ್ದಿಲ್ಲ ಅತ್ತೆ. ಹಾಡಿಗೆ ನಿಮ್ಮ ಹೆಸರು ಹಾಕಿಸಿದೀನಿ."

"ಸತ್ತವರಿಗೆ ಹಾಕೋ ಹಾಗೆ?"

ಗಿಣಿಗೂ ರೇಗಿತು. "ನೀವು ಇಷ್ಟು ವರ್ಷ ಹಾಡಿದ್ರಿ. ಕಛೇರಿಗೆ ಬರ್ತಿದ್ದವರಲ್ಲಿ ಅರ್ಧ ಜನ ನೆಂಟರು, ಮಿಕ್ಕವರು ನಿದ್ದೆ ಮಾಡೋರು. ನಾನು ಹಾಡಿದ್ದಕ್ಕೆ ಈಗ ಮಕ್ಕಳು ಸರಳೆ ಗುನುಗ್ತಾ ಸ್ಕೂಲಿಗೆ ಹೋಗ್ತಿದಾರೆ. ಅದೂ ತಪ್ಪಾ?"

ಮಾತು ತಾಗಿತು. ನಿಜವಾದ್ದರಿಂದ ಇನ್ನೂ ಆಳಕ್ಕೆ ತಾಗಿತು. ಆದರೆ ಅತ್ತೆ ಬಗ್ಗುವ ಗಿಡವಲ್ಲ.

"ಆ ದಿನ ತೋಡಿ ಹಾಡಿದೆಯಲ್ಲ," ಎಂದಳು, "ಅದನ್ನ ಯಾರಿಗೆ ಕೊಟ್ಟೆ?"

ಫೋನಿನಲ್ಲಿ ಗಿಣಿಯ ಹಿಂದೆ ಯಾರೋ ಡ್ರಮ್ಮು ಸರಿಮಾಡುತ್ತಿರುವ ಸದ್ದು ಬಂತು.

"ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ" ಎಂದಳು ಅತ್ತೆ.

"ಮತ್ತೆ ಗಂಟಲು ಕೆಟ್ಟರೆ?"

"ಕೆಟ್ಟರೆ ಬಾ. ಗಂಟಲು ನೆಟ್ಟಗಿರೋವಾಗ ಮುಖ ತೋರಿಸಬೇಡ, ಅಷ್ಟೇ."

ಫೋನ್ ಇಟ್ಟು ಅತ್ತೆ ಕಿಟಕಿ ಮುಚ್ಚಿದಳು. ಕೆಳಗೆ ದರ್ಜಿಯ ರೇಡಿಯೋದಲ್ಲಿ ಅದೇ ಹಾಡು ಶುರುವಾಗಿತ್ತು.