ಸುಳ್ಳು ಹೇಳುವ ಮುಳ್ಳು

ಬೇಕರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಒಲೆಯಕ್ಕ. ಹನ್ನೆರಡು ವರ್ಷದಿಂದ ದಿನಗೂಲಿಯ ಮೇಲೆ ಆ ದೊಡ್ಡ ಒಲೆಯನ್ನು ನೋಡಿಕೊಂಡು ಬಂದವಳು. ಈಗ ಒಲೆಗೊಬ್ಬ ಕಾಯಂ ಮೇಸ್ತ್ರಿ ಬೇಕೆಂದು ಕಂಪನಿಗೆ ಜ್ಞಾನೋದಯವಾಗಿತ್ತು. ತನ್ನನ್ನು ಬಿಟ್ಟು ಇನ್ಯಾರನ್ನು ತೆಗೆದುಕೊಂಡಾರು ಎಂಬ ಧೈರ್ಯದಲ್ಲಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಅವಳು ಮ್ಯಾನೇಜರನ ಕೋಣೆಗೆ ಬಂದಿದ್ದಳು.

ಅವನು ಎದುರಿನ ಹಾಳೆಗಳಿಂದ ತಲೆ ಎತ್ತಲಿಲ್ಲ.

“ಹತ್ತನೇ ಕ್ಲಾಸ್ ಪಾಸಾಗಿಲ್ಲ ನೀವು.”

“ಬ್ರೆಡ್ ಬೇಯಿಸೋಕೆ ಯಾವ ಕ್ಲಾಸ್ ಬೇಕು ಸಾರ್?”

“ಅದನ್ನಾದ್ರೂ ಬಿಡೋಣ. ಬ್ಯಾಂಕ್ ಸಾಲದ ಮೂರು ಕಂತು ಕಟ್ಟಿಲ್ಲ. ಕ್ರೆಡಿಟ್ ಸ್ಕೋರ್ ನೆಲ ಕಚ್ಚಿದೆ. ಮೇಸ್ತ್ರಿ ಹತ್ರ ಉಗ್ರಾಣದ ಬೀಗದ ಕೈ ಇರುತ್ತೆ. ಇಂಥವರ ಕೈಗೆ ಹೇಗ್ರೀ ಕೊಡೋದು?”

ಆ ಬೀಗದ ಕೈ ಆ ಹೊತ್ತಿಗೂ ಅವಳ ಸೊಂಟದಲ್ಲೇ ಇತ್ತು. ಇಷ್ಟು ವರ್ಷದಲ್ಲಿ ಒಂದು ಹಿಡಿ ಹಿಟ್ಟು ಆಚೀಚೆ ಆಗಿರಲಿಲ್ಲ. ಒಲೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಯಾವ ಮೂರು ತಿಂಗಳು ಅಂತ ಓದಿ ಸಾರ್.”

ಓದಿದ. ಕಂಪನಿ ಎಲ್ಲರ ಸಂಬಳ ತಡೆಹಿಡಿದಿದ್ದ ತಿಂಗಳುಗಳು ಅವೇ. ‘ದಯವಿಟ್ಟು ಸಹಕರಿಸಿ’ ಎಂದು ಗೋಡೆಗೆ ಅಂಟಿಸಿದ ನೋಟೀಸಿಗೆ ಸಹಿ ಹಾಕಿದವನೂ ಇದೇ ಮಹಾನುಭಾವ. ಸಾಲವಾದರೂ ತಂಗಿಯ ಆಪರೇಷನ್ನಿಗೆ ಮಾಡಿದ್ದು.

“ಕೊಡದೇ ಇದ್ದೋರು ನೀವು. ಕೆಟ್ಟ ಹೆಸರು ನನಗಾ?”

“ಕಾರಣ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲ,” ಎಂದ, ನಾಚಿಕೆಗೆಟ್ಟವನು. “ಹೊಸಬರು ನಾಳೆ ಬರ್ತಾರೆ. ಡಿಪ್ಲೊಮಾ ಆಗಿದೆ, ಸ್ಕೋರ್ ಚೆನ್ನಾಗಿದೆ. ನಾಲ್ಕು ದಿನ ಕಲಿಸಿಕೊಟ್ಟು ಆಮೇಲೆ ಪ್ಯಾಕಿಂಗ್‌ಗೆ ಹೋಗಿ, ನಿಮ್ಮ ತಂಗಿ ಜೊತೆ.”

ಕಲಿಸುವುದು ಇದ್ದದ್ದು ಒಂದೇ. ಒಲೆಯ ಕಾವು ತೋರಿಸುವ ಮುಳ್ಳು ಕೆಟ್ಟು ಆರು ವರ್ಷವಾಗಿತ್ತು. ಇರುವುದಕ್ಕಿಂತ ನಲವತ್ತು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ರಿಪೇರಿ ಮಾಡಿಸಿ ಎಂದು ಹೇಳಿ ಹೇಳಿ ಅವಳಿಗೆ ಬಾಯಿ ನೋವು ಬಂದಿತ್ತು. ಕೊನೆಗೆ ಚಿಟಿಕೆ ಹಿಟ್ಟನ್ನು ಒಲೆಯೊಳಗೆ ಎಸೆದು ಎಣಿಸಲು ಶುರು ಮಾಡಿದಳು. ಹತ್ತು ಎಣಿಸುವುದರೊಳಗೆ ಹಿಟ್ಟು ಕೆಂಪಾದರೆ ಬಾಗಿಲು ತೆರೆದು ಕಾವು ಇಳಿಸುವುದು. ಇದು ಅವಳೊಬ್ಬಳಿಗೇ ಗೊತ್ತು.

ಅವಳು ಬೀಗದ ಕೈಯನ್ನು ಬಿಚ್ಚಿ ಮೇಜಿನ ಮೇಲೆ ಕುಕ್ಕಿದಳು.

“ಓದಿರೋರಿಗೆ ನಾನೇನು ಕಲಿಸ್ಲಿ? ಪ್ಯಾಕಿಂಗ್‌ಗೆ ನಾಳೆಯಿಂದಲೇ ಹೋಗ್ತೀನಿ.”

ಮರುದಿನ ಬೆಳಿಗ್ಗೆ ಹೊಸಬ ತಾನಾಗಿಯೇ ಪ್ಯಾಕಿಂಗ್ ಮೇಜಿನ ಬಳಿ ಬಂದ. ಒಳ್ಳೆಯ ಮನುಷ್ಯನ ಹಾಗೇ ಕಂಡ.

“ಅಕ್ಕಾ, ಒಲೆ ಬಗ್ಗೆ ಏನಾದ್ರೂ ಹೇಳೋದಿದ್ಯಾ?”

ಅವಳು ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಮ್ಯಾನೇಜರ್ ಬಂದ.

“ಅವರನ್ನೇನು ಕೇಳ್ತೀರಿ? ಮುಳ್ಳು ಕಣ್ಣೆದುರಿಗೇ ಇದೆಯಲ್ಲ, ನೋಡ್ಕೊಂಡು ಮಾಡಿ.”

ಒಲೆಯಕ್ಕ ಬಾಯಿ ಮುಚ್ಚಿದಳು.

ಅರ್ಧ ಗಂಟೆಗೆ ವಾಸನೆ ಬಂತು. ಮೊದಲು ಅಂಚು ಕಂದುವ ವಾಸನೆ, ಆಮೇಲೆ ತಳ ಹಿಡಿದದ್ದು. ಒಳಗೆ ಮುನ್ನೂರು ಬ್ರೆಡ್ ಇದ್ದವು. ಆಗಲೇ ಓಡಿದ್ದರೆ ಅರ್ಧದಷ್ಟಾದರೂ ಉಳಿಯುತ್ತಿದ್ದವು.

“ಅಕ್ಕಾ, ಸೀಯ್ತಿದೆ ಕಣೇ,” ತಂಗಿ ಅವಳ ತೋಳು ಅಲ್ಲಾಡಿಸಿದಳು. “ಹೋಗಿ ಹೇಳೇ!”

ಒಲೆಯಕ್ಕ ಆಗಲೇ ಎದ್ದು ನಿಂತಿದ್ದಳು. ಎದ್ದದ್ದು ಅವಳಿಗೇ ಗೊತ್ತಿರಲಿಲ್ಲ. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಮತ್ತೆ ಕುಳಿತಳು. ಕಣ್ಣಲ್ಲಿ ನೀರು ತುಂಬಿ ಎದುರಿನ ಲೇಬಲ್ ಮಸುಕಾಯಿತು.

“ನನ್ನ ಮಾತಿಗೂ ಫಾರಂನಲ್ಲಿ ಜಾಗ ಇಲ್ಲ,” ಎಂದಳು. “ನೀನು ಸುಮ್ನೆ ಅಂಟಿಸು.”